ನಿರ್ಬಂಧ ಪಟ್ಟಿ ಮತ್ತು ನನ್ನ ಮೇಜು

ಮುಂಬಯಿಯ ಫೋರ್ಟ್ ಭಾಗದ ಬ್ಯಾಂಕೊಂದರಲ್ಲಿ ವಿದೇಶದಿಂದ ಬರುವ ಹಣದ ಹೆಸರು ತಪಾಸಣೆ ಹಲವು ವರ್ಷ ನನ್ನ ಹೊಣೆಯಾಗಿತ್ತು. ಅಲ್ ಖೈದಾ, ಐಎಸ್ ಉಗ್ರರು ಮತ್ತು ಅವರ ನಂಟಿನವರ ಹಣ ತಡೆಯಲು ವಿಶ್ವಸಂಸ್ಥೆಯ ಭದ್ರತಾ ಮಂಡಳಿಯ 1267 ಸಮಿತಿ ಹೊರಡಿಸುವ ಪಟ್ಟಿಯ ಜೊತೆ ಕಂಪ್ಯೂಟರ್ ಪ್ರತಿ ಹೆಸರನ್ನೂ ತಾಳೆ ನೋಡುತ್ತದೆ. ಹೋಲಿಕೆ ಕಂಡರೆ ಹಣ ನಿಲ್ಲುತ್ತದೆ, ಮುಂದಿನದನ್ನು ಮನುಷ್ಯರೇ ಬಿಡಿಸಬೇಕು. ಹೆಸರು ಹೋಲಿದೆ ಎಂಬಷ್ಟಕ್ಕೇ ಯಾರನ್ನೂ ಶಂಕಿತರೆಂದು ನಾನು ಬರೆಯುತ್ತಿರಲಿಲ್ಲ. ಹುಟ್ಟಿದ ದಿನ, ತಂದೆಯ ಹೆಸರು, ಹುಟ್ಟೂರು, ಪಾಸ್‌ಪೋರ್ಟ್ ಸಂಖ್ಯೆ, ಈ ಕ್ರಮದಲ್ಲಿ ನೋಡುತ್ತಿದ್ದೆ. ಒಮ್ಮೆ ದುಬೈಯಿಂದ ಮಗ ಕಳುಹಿಸಿದ ಹಣ ನಿಂತಾಗ ಭಟ್ಕಳ ಮೂಲದ ಹಿರಿಯರೊಬ್ಬರು ಬಂದರು. “ಮಗನ ಪಾಸ್‌ಪೋರ್ಟಿನ ಪ್ರತಿ ಇದೆಯೇ ಸಾಹೇಬರೇ?” ಎಂದು ಕನ್ನಡದಲ್ಲೇ ಕೇಳಿದೆ. “ಮೊಬೈಲಿನಲ್ಲಿ ಉಂಟು, ನೋಡಿ” ಎಂದು ತೋರಿಸಿದರು. ಪಟ್ಟಿಯಲ್ಲಿದ್ದವನಿಗಿಂತ ಆ ಹುಡುಗ ಎಷ್ಟೋ ವರ್ಷ ಕಿರಿಯ. ಸಂಜೆಯೊಳಗೆ ಹಣ ಖಾತೆ ಸೇರಿತು. ನಿಜಕ್ಕೂ ಹೊಂದಿಕೆಯಾದರೆ ಕಾನೂನುಬಾಹಿರ ಚಟುವಟಿಕೆ ತಡೆಯುವ ಯುಎಪಿಎ ಕಾಯ್ದೆಯ 51ಎ ಕಲಮಿನ ವ್ಯವಸ್ಥೆಯಂತೆ 24 ಗಂಟೆಯೊಳಗೆ ಕೇಂದ್ರ ಗೃಹ ಸಚಿವಾಲಯಕ್ಕೆ ತಿಳಿಸಬೇಕು.

ಕಷ್ಟವಿರುವುದು ಪಟ್ಟಿಗೆ ಸೇರದ ಹೆಸರುಗಳಲ್ಲಿ. ಹೆಸರೊಂದು ಸೇರಲು ಸಮಿತಿಯ 15 ಸದಸ್ಯರೂ ಒಪ್ಪಬೇಕು. ಒಬ್ಬರು ತಡೆದರೂ ಪ್ರಸ್ತಾಪ ಅಲ್ಲಿಗೇ ನಿಲ್ಲುತ್ತದೆ. ಜೈಷ್-ಎ-ಮೊಹಮ್ಮದ್ ಉಗ್ರ ಸಂಘಟನೆಯ ಮುಖ್ಯಸ್ಥ ಮಸೂದ್ ಅಜರ್‌ನ ಹೆಸರಿಗಾಗಿ ಭಾರತ 2009ರಲ್ಲೇ ಪ್ರಯತ್ನ ಆರಂಭಿಸಿದರೂ ಚೀನಾದ ತಾಂತ್ರಿಕ ತಡೆ ತೆರವಾಗಿ ಅದು ಸೇರಿದ್ದು 2019ರ ಮೇ 1ರಂದು. ನಮ್ಮ ಊರಿನ ಮೇಲೆ 26/11ರ ದಾಳಿ ನಡೆಸಿದವರಿಗೆ ಫೋನಿನಲ್ಲಿ ಸೂಚನೆ ಕೊಟ್ಟವರಲ್ಲಿ ಒಬ್ಬನೆನ್ನಲಾದ ಸಾಜಿದ್ ಮೀರ್ ಅಮೆರಿಕದ ನಿರ್ಬಂಧ ಪಟ್ಟಿಯಲ್ಲಿ 2012ರಿಂದಲೂ ಭಾರತದ ಪಟ್ಟಿಯಲ್ಲಿ 2020ರಿಂದಲೂ ಇದ್ದಾನೆ, ಆದರೆ ವಿಶ್ವಸಂಸ್ಥೆಯ ಪಟ್ಟಿಗೆ ಅವನನ್ನು ಸೇರಿಸುವ ಪ್ರಸ್ತಾಪವನ್ನು 2023ರ ಜೂನ್‌ನಲ್ಲಿ ಚೀನಾ ತಡೆಯಿತು. ಅಂದರೆ ಮುಂಬಯಿ, ನ್ಯೂಯಾರ್ಕ್ ಎರಡೂ ಕಡೆ ನಿಲ್ಲುವ ಹಣ, ವಿಶ್ವಸಂಸ್ಥೆಯ ಪಟ್ಟಿಯೊಂದನ್ನೇ ನೋಡುವ ಮೂರನೇ ದೇಶದ ಬ್ಯಾಂಕಿನಲ್ಲಿ ದಾಟಿಹೋಗಬಹುದು.

ವ್ಯಕ್ತಿಗಳ ಪಟ್ಟಿಗಿಂತ ದೇಶದ ಮೇಲಿನ ಒತ್ತಡವೇ ಹೆಚ್ಚು ಕೆಲಸ ಮಾಡುತ್ತದೆಂದು ನಾನು ನಂಬುತ್ತೇನೆ. ಸ್ಕಾಟ್ಲೆಂಡಿನ ಲಾಕರ್ಬಿ ಊರಿನ ಮೇಲೆ 1988ರಲ್ಲಿ ನಡೆದ ವಿಮಾನ ಸ್ಫೋಟದ ಆರೋಪಿಗಳನ್ನು ಒಪ್ಪಿಸದ ಲಿಬಿಯಾದ ವಿಮಾನ ಸಂಚಾರವನ್ನೂ ಶಸ್ತ್ರ ಖರೀದಿಯನ್ನೂ ಭದ್ರತಾ ಮಂಡಳಿ 1992ರಲ್ಲಿ ನಿರ್ಬಂಧಿಸಿತು. 1999ರಲ್ಲಿ ಇಬ್ಬರನ್ನು ಒಪ್ಪಿಸಿದ ಮೇಲಷ್ಟೇ ಅದನ್ನು ಅಮಾನತಿನಲ್ಲಿಟ್ಟಿತು. ಲಷ್ಕರ್-ಎ-ತೊಯ್ಬಾ ಸ್ಥಾಪಕ ಹಫೀಜ್ ಸಯೀದ್ 2008ರ ಡಿಸೆಂಬರ್‌ನಲ್ಲೇ ವಿಶ್ವಸಂಸ್ಥೆಯ ಪಟ್ಟಿ ಸೇರಿದ್ದ, ಆದರೂ ಭಯೋತ್ಪಾದನೆಗೆ ಹಣ ಒದಗಿಸಿದ ಪ್ರಕರಣದಲ್ಲಿ ಪಾಕಿಸ್ತಾನದ ನ್ಯಾಯಾಲಯ ಅವನಿಗೆ ಶಿಕ್ಷೆ ವಿಧಿಸಿದ್ದು 2020ರ ಫೆಬ್ರವರಿಯಲ್ಲಿ, ಆ ದೇಶ ಎಫ್‌ಎಟಿಎಫ್‌ನ ಬೂದು ಪಟ್ಟಿಯಲ್ಲಿದ್ದಾಗ. ಎಫ್‌ಎಟಿಎಫ್ ಎಂದರೆ ಅಕ್ರಮ ಹಣವನ್ನೂ ಉಗ್ರರಿಗೆ ಹೋಗುವ ಹಣವನ್ನೂ ತಡೆಯಲು ದೇಶಗಳು ಕಟ್ಟಿಕೊಂಡ ಸಂಸ್ಥೆ, ಬೂದು ಪಟ್ಟಿ ಎಂದರೆ ಅದರಲ್ಲಿ ಕೊರತೆಯಿದ್ದು ಹೆಚ್ಚಿನ ನಿಗಾದಲ್ಲಿರುವ ದೇಶಗಳ ಪಟ್ಟಿ. ಬೂದು ಪಟ್ಟಿ ನಿರ್ಬಂಧವಲ್ಲ, ನಿಜ. ಆದರೆ ಸಾಲ ಕೊಡುವವರೂ ಬ್ಯಾಂಕುಗಳೂ ಆ ದೇಶದ ವ್ಯವಹಾರವನ್ನು ಅನುಮಾನದಿಂದ ನೋಡತೊಡಗುತ್ತಾರೆ. 2022ರ ಅಕ್ಟೋಬರ್‌ನಲ್ಲಿ ಪಾಕಿಸ್ತಾನ ಅದರಿಂದ ಹೊರಬಂದಿತು.

ನನ್ನ ಕೈಯಲ್ಲಿದ್ದದ್ದನ್ನು ನಾನು ಮಾಡಿದೆ. ನಮ್ಮ ತಪಾಸಣೆಗೆ ಭಾರತ ಮತ್ತು ಅಮೆರಿಕದ ಪಟ್ಟಿಗಳನ್ನೂ ಸೇರಿಸಿ, ಯಾವ ಯಾವ ಪಟ್ಟಿ ನೋಡುತ್ತೀರೆಂದು ನಮ್ಮೊಡನೆ ವ್ಯವಹರಿಸುವ ವಿದೇಶಿ ಬ್ಯಾಂಕುಗಳನ್ನು ಪತ್ರ ಬರೆದು ಕೇಳಿದೆ. ವಿಶ್ವಸಂಸ್ಥೆಯ ಪಟ್ಟಿ ಮಾತ್ರ ಎಂದು ಉತ್ತರಿಸಿದವರ ಮೂಲಕ ಬರುವ ಹಣದಲ್ಲಿ ಕಳುಹಿಸಿದವರ ವಿವರ ಪೂರ್ತಿ ಇಲ್ಲದಿದ್ದರೆ, ಅದು ಸಿಗುವವರೆಗೂ ನಾವು ಜಮೆ ಮಾಡುತ್ತಿರಲಿಲ್ಲ.