ನಿಮ್ಮ ಊರಿನ ಜನಗಣತಿ ಲೆಕ್ಕ ಓದುವುದು ಹೇಗೆ?

ಬೆಳಿಗ್ಗೆ ಆರೂವರೆಗೆ ಚಂದಾಪುರ ಸರ್ಕಲ್‌ನಲ್ಲಿ ನಿಂತರೆ ಕಂಪನಿ ಬಸ್ಸುಗಳು ಒಂದರ ಹಿಂದೆ ಒಂದು ಬರುತ್ತವೆ. ಕಾಯುತ್ತಿರುವವರ ನಡುವೆ ಕನ್ನಡ, ತೆಲುಗು, ತಮಿಳು, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಬೆಂಗಳೂರಿನ ಅಂಚಿನ ಇಂಥ ಊರುಗಳಲ್ಲಿ ಎಷ್ಟು ಜನ ಇದ್ದಾರೆ ಅಂತ ಕೇಳಿದರೆ ಒಬ್ಬೊಬ್ಬರದು ಒಂದೊಂದು ಅಂದಾಜು. ಸರಿಯಾದ ಲೆಕ್ಕವನ್ನು ನಾವೇ ತೆಗೆದು ನೋಡಬಹುದು. ಕಷ್ಟವೇನಿಲ್ಲ. ಆನೇಕಲ್ ಪಟ್ಟಣವನ್ನೇ ಇಟ್ಟುಕೊಂಡು ಮಾಡೋಣ.

ಮೊದಲು ಪಟ್ಟಿ ಹುಡುಕಿ

ಜನಗಣತಿ ಇಲಾಖೆಯ ವೆಬ್‌ಸೈಟಿನಲ್ಲಿ ಪ್ರತಿ ಜಿಲ್ಲೆಗೂ ಒಂದು ಜನಗಣತಿ ಕೈಪಿಡಿ ಇದೆ. ಅದರಲ್ಲಿ ಎರಡು ಭಾಗ. ನಮಗೆ ಬೇಕಾದದ್ದು ‘ಬಿ’ ಭಾಗ. ಹಳ್ಳಿ, ಪಟ್ಟಣಗಳ ಜನಸಂಖ್ಯೆ ಸಾಲುಸಾಲಾಗಿ ಅಲ್ಲಿ ಸಿಗುತ್ತದೆ. 2021ರ ಗಣತಿ ನಡೆಯಲಿಲ್ಲ, ಹಾಗಾಗಿ ಸದ್ಯಕ್ಕೆ 2011ರದ್ದೇ ಆಧಾರ.

ಊರಿನ ಹೆಸರಿನ ಪಕ್ಕ ಇಂಗ್ಲಿಷಿನಲ್ಲಿ ಪುಟ್ಟ ಅಕ್ಷರಗಳಿರುತ್ತವೆ. ಅದನ್ನು ಬಿಟ್ಟು ಮುಂದೆ ಹೋಗಬೇಡಿ. ‘ಟಿಎಂಸಿ’ ಅಂದರೆ ಪುರಸಭೆ. ‘ಸಿ’, ‘ಟಿ’ ಅಂತ ಎರಡೇ ಅಕ್ಷರ ಇದ್ದರೆ ಅದನ್ನು ಸಿಟಿ ಅಂದುಕೊಳ್ಳುವವರೇ ಜಾಸ್ತಿ. ಅದು ‘ಸೆನ್ಸಸ್ ಟೌನ್’. ಅಂದರೆ ಅಲ್ಲಿ ನಗರಸಭೆಯೂ ಇಲ್ಲ, ಪುರಸಭೆಯೂ ಇಲ್ಲ. ಆದರೆ ಕನಿಷ್ಠ 5,000 ಜನ, ಚದರ ಕಿಲೋಮೀಟರಿಗೆ ಕನಿಷ್ಠ 400 ಜನ, ದುಡಿಯುವ ಗಂಡಸರಲ್ಲಿ ನೂರಕ್ಕೆ ಕನಿಷ್ಠ 75 ಮಂದಿ ಬೇಸಾಯ ಬಿಟ್ಟು ಬೇರೆ ಕೆಲಸದಲ್ಲಿ ಇರುವ ಊರು. ಹೆಬ್ಬಗೋಡಿ, ಬೊಮ್ಮಸಂದ್ರ 2011ರಲ್ಲಿ ಹೀಗೇ ಇದ್ದವು. ಊರು ಪಟ್ಟಣವಾಗಿತ್ತು, ಆಡಳಿತ ಇನ್ನೂ ಪಂಚಾಯಿತಿಯದ್ದು. ಚರಂಡಿ, ಕಸದ ಪಾಡು ಏಕೆ ಹಾಗಿತ್ತು ಅನ್ನುವುದಕ್ಕೆ ಈ ಎರಡು ಅಕ್ಷರಗಳಲ್ಲೇ ಅರ್ಧ ಉತ್ತರವಿದೆ ಅಂತ ನನಗನಿಸುತ್ತದೆ.

ಬೆಳವಣಿಗೆ ಲೆಕ್ಕ

ಆನೇಕಲ್ ಪಟ್ಟಣದಲ್ಲಿ 2001ರಲ್ಲಿ 33,160 ಜನ. 2011ರಲ್ಲಿ 44,260. ವ್ಯತ್ಯಾಸ 11,100. ಇದನ್ನು ಹಳೆಯ ಸಂಖ್ಯೆಯಿಂದ, ಅಂದರೆ 33,160ರಿಂದ ಭಾಗಿಸಿ ನೂರರಿಂದ ಗುಣಿಸಿ. ಶೇ 33.5 ಬರುತ್ತದೆ. ಅದೇ ಹತ್ತು ವರ್ಷದಲ್ಲಿ ಇಡೀ ಕರ್ನಾಟಕ ಬೆಳೆದದ್ದು ಶೇ 15.6. ಆನೇಕಲ್ ಅದರ ಎರಡು ಪಟ್ಟಿಗೂ ಹೆಚ್ಚು ವೇಗದಲ್ಲಿ ಬೆಳೆದಿದೆ. ಹೋಲಿಸಿ ನೋಡದಿದ್ದರೆ ಶೇ 33.5 ಜಾಸ್ತಿಯೋ ಕಡಿಮೆಯೋ ಗೊತ್ತಾಗುವುದಿಲ್ಲ, ಅಲ್ವಾ?

ಇಲ್ಲಿ ಒಂದು ಎಚ್ಚರಿಕೆ. ಎರಡು ಗಣತಿಗಳ ನಡುವೆ ಊರಿನ ಗಡಿ ಬದಲಾಗಿದೆಯಾ ನೋಡಿ. ಬೊಮ್ಮನಹಳ್ಳಿ ನಗರಸಭೆ 2001ರ ಪಟ್ಟಿಯಲ್ಲಿತ್ತು. 2011ರಲ್ಲಿ ಆ ಸಾಲೇ ಇಲ್ಲ. ಜನ ಎಲ್ಲೂ ಹೋಗಿಲ್ಲ. 2007ರಲ್ಲಿ ಬಿಬಿಎಂಪಿ ಆದಾಗ ಏಳು ನಗರಸಭೆ, ಒಂದು ಪುರಸಭೆ, ನೂರಕ್ಕೂ ಹೆಚ್ಚು ಹಳ್ಳಿಗಳು ಅದರೊಳಗೆ ಸೇರಿದವು. ಬೆಂಗಳೂರಿನ ಸಂಖ್ಯೆ ಏರಿದ್ದರಲ್ಲಿ ಈ ಸೇರ್ಪಡೆಯ ಪಾಲೂ ಇದೆ.

ಹೆಣ್ಣು, ಗಂಡು, ಓದು

ಹೆಂಗಸರ ಸಂಖ್ಯೆಯನ್ನು ಗಂಡಸರ ಸಂಖ್ಯೆಯಿಂದ ಭಾಗಿಸಿ ಸಾವಿರದಿಂದ ಗುಣಿಸಿದರೆ ಲಿಂಗಾನುಪಾತ. 2011ರಲ್ಲಿ ರಾಜ್ಯದಲ್ಲಿ ಸಾವಿರ ಗಂಡಸರಿಗೆ 973 ಹೆಂಗಸರು, ಬೆಂಗಳೂರು ನಗರ ಜಿಲ್ಲೆಯಲ್ಲಿ 916. ದುಡಿಯಲು ಒಂಟಿಯಾಗಿ ಬರುವ ಗಂಡಸರು ಹೆಚ್ಚಿರುವ ಕಡೆ ಈ ಸಂಖ್ಯೆ ಇಳಿಯುತ್ತದೆ. ಅದಕ್ಕೇ ಆರು ವರ್ಷದವರೆಗಿನ ಮಕ್ಕಳ ಅನುಪಾತವನ್ನೂ ಬೇರೆಯಾಗಿ ತೆಗೆಯಿರಿ. ಮಕ್ಕಳಲ್ಲೂ ಹೆಣ್ಣು ಕಡಿಮೆ ಇದ್ದರೆ ವಲಸೆಯ ಮೇಲೆ ತಪ್ಪು ಹೊರಿಸಿ ಸುಮ್ನೆ ಕೂರಲಾಗದು.

ಸಾಕ್ಷರತೆಗೆ ಒಂದೇ ಮಾತು: ಓದು ಬರಹ ಬಲ್ಲವರ ಸಂಖ್ಯೆಯನ್ನು ಒಟ್ಟು ಜನರಿಂದ ಭಾಗಿಸಬೇಡಿ. ಆರು ವರ್ಷದವರೆಗಿನ ಮಕ್ಕಳನ್ನು ಕಳೆದು ಉಳಿದವರಿಂದ ಭಾಗಿಸಿ.

ಕೆಲಸದ ಕಾಲಂ

ನನಗೆ ತುಂಬಾ ಮುಖ್ಯ ಅನಿಸುವುದು ಇದು. ದುಡಿಯುವವರನ್ನು ನಾಲ್ಕು ಬಗೆ ಮಾಡಿರುತ್ತಾರೆ: ಬೇಸಾಯಗಾರರು, ಕೃಷಿ ಕೂಲಿಗಳು, ಮನೆ ಕೈಗಾರಿಕೆಯವರು, ಇತರರು. ಕಾರ್ಖಾನೆ, ಅಂಗಡಿ, ಆಫೀಸಿನವರೆಲ್ಲ ‘ಇತರರು’. ಬೆಂಗಳೂರಿನ ಅಂಚಿನ ಹೆಚ್ಚಿನ ಪಟ್ಟಣಗಳಲ್ಲಿ ಈ ಕಾಲಮ್ಮೇ ದೊಡ್ಡದಿರುತ್ತದೆ. ವರ್ಷಕ್ಕೆ ಆರು ತಿಂಗಳಿಗಿಂತ ಕಡಿಮೆ ಕೆಲಸ ಸಿಕ್ಕವರಿಗೆ ಬೇರೆ ಲೆಕ್ಕವಿದೆ, ಅದನ್ನೂ ನೋಡಿ.

ಆನೇಕಲ್ ರೇಷ್ಮೆ ಮಗ್ಗಗಳ ಊರು. ಮಗ್ಗದ ಮನೆಯೊಂದನ್ನು ನೆನೆಸಿಕೊಳ್ಳಿ. ಗಂಡ ಮಗ್ಗದ ಮೇಲೆ. ಹೆಂಡತಿ ಅಡುಗೆ ಮುಗಿಸಿ ಬಂದು ಕಂಡಿಕೆ (ನೇಯಲು ನೂಲು ಸುತ್ತುವ ಪುಟ್ಟ ಕೊಳವೆ) ಸುತ್ತುತ್ತಾರೆ, ಕಡಿದ ಎಳೆ ಕೂಡಿಸುತ್ತಾರೆ. ಗಣತಿಯವರು ಬಂದು ‘ನೀವೇನು ಕೆಲಸ ಮಾಡ್ತೀರಮ್ಮ?’ ಅಂದರೆ, ‘ಮನೇಲೇ ಇದೀನಿ ಸರ್’ ಅನ್ನುತ್ತಾರೆ. ಅಷ್ಟೇ, ಅವರು ‘ಕೆಲಸ ಮಾಡದವರು’ ಕಾಲಮ್ಮಿಗೆ ಹೋದರು. ಪಟ್ಟಿ ಓದುವಾಗ ಹೆಂಗಸರ ಕೆಲಸದ ಸಂಖ್ಯೆ ತೀರಾ ಕಡಿಮೆ ಕಂಡರೆ ಈ ಮನೆಯನ್ನು ನೆನಪಿಸಿಕೊಳ್ಳಿ.

ಇಂದಿನ ಅಂದಾಜು

2011ರ ನಂತರವೂ ಅದೇ ವೇಗ ಅಂದುಕೊಂಡರೆ 44,260ಕ್ಕೆ ಶೇ 33.5 ಸೇರಿಸಿ. 2021ಕ್ಕೇ ಸುಮಾರು 59,000. ಇದು ಅಂದಾಜು, ಎಣಿಕೆಯಲ್ಲ. ಆದರೂ ಉಪಯೋಗವಿದೆ. ಒಳಚರಂಡಿ ಇರುವ ಪಟ್ಟಣಕ್ಕೆ ತಲೆಗೆ ದಿನಕ್ಕೆ 135 ಲೀಟರ್ ನೀರು ಎಂಬುದು ಮಾನದಂಡ. ಹಳೆಯ ಸಂಖ್ಯೆಗೆ ಸುಮಾರು 60 ಲಕ್ಷ ಲೀಟರ್ ಸಾಕು. ಹೊಸ ಅಂದಾಜಿಗೆ ಸುಮಾರು 80 ಲಕ್ಷ ಬೇಕು. ಜೊತೆಗೆ, ನಮ್ಮ ಪೌರಸಭೆ ಕಾನೂನಿನಲ್ಲಿ ಪುರಸಭೆಗೆ 20,000ದಿಂದ 50,000, ನಗರಸಭೆಗೆ 50,000ದಿಂದ 3 ಲಕ್ಷ ಜನ ಎಂಬ ಅಳತೆ ಇದೆ. 59,000 ಅಂದರೆ ಆನೇಕಲ್ ನಗರಸಭೆಯ ಅಳತೆಗೆ ಬಂದಂತೆ. ವಾರ್ಡ್ ಸಭೆಯಲ್ಲಿ ಕೈಯಲ್ಲಿ ಈ ಲೆಕ್ಕ ಹಿಡಿದು ಮಾತಾಡಿದರೆ ತಳ್ಳಿಹಾಕುವುದು ಕಷ್ಟ.

ಮುಂದಿನ ಗಣತಿ ಲೆಕ್ಕಕ್ಕೆ ಹಿಡಿಯುವ ಗಳಿಗೆ 2027ರ ಫೆಬ್ರುವರಿ 28 ಕಳೆದು ಮಾರ್ಚ್ 1 ಹುಟ್ಟುವ ಮಧ್ಯರಾತ್ರಿ. ನಿಮ್ಮ ಮಹಡಿ ಮೇಲೆ ಬಾಡಿಗೆಗೆ ಇರುವ ಹುಡುಗರಿಗೆ, ಪಕ್ಕದ ಪಿಜಿಯವರಿಗೆ ಒಂದು ಮಾತು ಹೇಳಿಡಿ: ಇರುವುದು ಇಲ್ಲೇ ಆದರೆ ಬರೆಸುವುದೂ ಇಲ್ಲೇ. ಕಂಡಿಕೆ ಸುತ್ತುವ ಅಕ್ಕನಿಗೂ ಹೇಳಿ, ‘ಮಗ್ಗದ ಕೆಲಸ ಮಾಡ್ತೀನಿ’ ಅಂತಲೇ ಬರೆಸಲಿ.