ಪ್ರದರ್ಶನ ಕಲಾವಿದರು ತಮ್ಮ ಕೃತಿಗಳನ್ನು ಕಾಪಿಡುವ ಬಗೆ

ಕಲಾವಿದರು ತಾವೇ ಅಭಿನಯಿಸಿ ತೋರುವ ಪ್ರದರ್ಶನ (ಪರ್ಫಾರ್ಮೆನ್ಸ್) ಮುಗಿದ ಮೇಲೆ ಕಲಾವಿದರ ಬಳಿ ಉಳಿಯುವುದು ಅದರ ದಾಖಲೆಯಾದ್ದರಿಂದ, ಆ ದಾಖಲೆ ಕೇವಲ ಸಾಕ್ಷ್ಯವೋ ಅಥವಾ ಅದೇ ಕೃತಿಯೋ ಎಂಬುದನ್ನು ಚಿತ್ರೀಕರಣಕ್ಕೆ ಮೊದಲೇ ನಿರ್ಧರಿಸಬೇಕು. ಬೆಂಗಳೂರಿನ ಪುಷ್ಪಮಾಲಾ ಎನ್. ಬರೋಡದಲ್ಲಿ ಶಿಲ್ಪಕಲೆ ಕಲಿತು, 1990ರ ದಶಕದ ನಡುವಿನಲ್ಲಿ ಛಾಯಾಚಿತ್ರ-ಪ್ರದರ್ಶನದತ್ತ ಹೊರಳಿದವರು; ಅಲ್ಲಿ ಅವರು ವೇಷ ಧರಿಸಿ ನಟಿಸುವುದು ಕ್ಯಾಮೆರಾಗಾಗಿಯೇ, ಹಾಗಾಗಿ ಚಿತ್ರವೇ ಕೃತಿ. ಪ್ರೇಕ್ಷಕರೆದುರಿನ ಪ್ರದರ್ಶನವಾದರೆ ಒಂದು ಕ್ಯಾಮೆರಾವನ್ನು ಟ್ರೈಪಾಡ್ ಮೇಲೆ ನಿಲ್ಲಿಸಿ ಆರಂಭದಿಂದ ಕೊನೆಯವರೆಗೆ ಕತ್ತರಿಸದೆ ಚಿತ್ರೀಕರಿಸಿ, ಧ್ವನಿಯನ್ನು ಬೇರೆ ರೆಕಾರ್ಡರಿನಲ್ಲಿ ಹಿಡಿಯುವುದು ಲೇಸು. ಚುರುಕಾಗಿ ಸಂಕಲಿಸಿದ ಮೂರು ನಿಮಿಷದ ತುಣುಕು ಪ್ರಚಾರಕ್ಕೆ ಸಾಕಾಗಬಹುದೇ ಹೊರತು, ಕಾಲದ ಭಾರವನ್ನೇ ವಸ್ತುವಾಗಿಸಿಕೊಂಡ ಕೃತಿಗೆ ಅದು ಅನ್ಯಾಯವೆಂದೇ ನನ್ನ ಅಭಿಪ್ರಾಯ.

ಮೂಲ ಕಡತದ ಮೂರು ಪ್ರತಿಗಳಿರಲಿ, ಒಂದು ಬೇರೆ ಊರಿನಲ್ಲಿರಲಿ.

ವಿಡಿಯೋವನ್ನು ಮಾರುವುದಾದರೆ ಎಷ್ಟು ಪ್ರತಿಗಳೆಂದು ಮೊದಲೇ ನಿಗದಿಪಡಿಸಿ, ಪ್ರತಿಯೊಂದಕ್ಕೂ ಸಂಖ್ಯೆ ಮತ್ತು ಸಹಿಯುಳ್ಳ ಪ್ರಮಾಣಪತ್ರ ನೀಡಬೇಕು. ಒಮ್ಮೆ ಘೋಷಿಸಿದ ಸಂಖ್ಯೆಯನ್ನು ಅನಂತರ ಹೆಚ್ಚಿಸಿದರೆ ಸಂಗ್ರಾಹಕರ ವಿಶ್ವಾಸ ಕಳೆದುಹೋಗುತ್ತದೆ. ಪ್ರೊಜೆಕ್ಟರೋ ಮಾನಿಟರೋ, ಕೋಣೆ ಎಷ್ಟು ಕತ್ತಲಾಗಿರಬೇಕು, ವಿಡಿಯೋ ಮರುಕಳಿಸುತ್ತಲೇ ಇರಬೇಕೇ ಎಂಬ ಸೂಚನೆಗಳನ್ನೂ ಜೊತೆಗೆ ಬರೆದುಕೊಡಬೇಕು. ಸಹಭಾಗಿಗಳ ಹೆಸರು ಮತ್ತು ಹಕ್ಕುಗಳ ವಿಚಾರವನ್ನು ಕೆಲಸ ಆರಂಭಿಸುವ ಮುನ್ನವೇ ಲಿಖಿತವಾಗಿ ಒಪ್ಪಿಕೊಳ್ಳಬೇಕು: ದಕ್ಷಿಣ ಭಾರತದ ಸ್ತ್ರೀಯರ ಚಿತ್ರಣಗಳನ್ನು ಕುರಿತ ಪುಷ್ಪಮಾಲಾ ಅವರ 2000–2004ರ ಸರಣಿಯಲ್ಲಿ ಛಾಯಾಗ್ರಾಹಕಿ ಕ್ಲೇರ್ ಆರ್ನಿ ಅವರ ಹೆಸರೂ ಜೊತೆಗಿರುವುದು ಇಲ್ಲಿ ಗಮನಾರ್ಹ.