ಜಾಗ ಕೇಳಬೇಡಿ, ನೀರಿನ ಲೆಕ್ಕ ಕೇಳಿ

ಉಡುಪಿ ಕಡೆಯ ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ಎರಡೂ ನದಿಗಳು ಒಟ್ಟಾಗಿ ಸಮುದ್ರ ಸೇರುತ್ತವೆ. ಆ ಅಳಿವೆಯ ಆಸುಪಾಸಿನಲ್ಲಿ ರಜೆ ಸಿಕ್ಕಾಗೆಲ್ಲ ಗಾಳ ಹಾಕುವ ನಾವೊಂದಿಷ್ಟು ಜನ ಸೇರಿ ಸಂಘ ಮಾಡಿಕೊಂಡಿದ್ದೇವೆ. ಬೋರ್ಡಿಲ್ಲ, ಅಧ್ಯಕ್ಷರಿಲ್ಲ. ಬ್ಯಾಂಕಿನವರಿದ್ದಾರೆ, ವೈರಿಂಗ್ ಕೆಲಸದವರಿದ್ದಾರೆ, ಕಾಲೇಜು ಹುಡುಗರಿದ್ದಾರೆ, ದೋಣಿಗೆ ಹೋಗುವುದು ಬಿಟ್ಟು ಮನೆಯಲ್ಲೇ ಇರುವ ಒಬ್ಬರು ಮೊಗವೀರ (ಕರಾವಳಿಯ ಮೀನುಗಾರ ಸಮುದಾಯದ) ಅಣ್ಣನೂ ಇದ್ದಾರೆ. ಎಲ್ಲರ ಹುಚ್ಚು ಒಂದೇ, ಕುರುಡಿ ಮೀನು. ಸೀಬಾಸ್ ಅಂದ್ರೆ ಕೆಲವರಿಗೆ ಬೇಗ ಗೊತ್ತಾಗಬಹುದು.

ಗಾಳ ಹಾಕುವವರು ಜಾಗ ಹೇಳುವುದಿಲ್ಲ. ಇದು ಎಲ್ಲ ಕಡೆ ಇದ್ದದ್ದೇ. ಫೋಟೋ ತೋರಿಸುತ್ತಾರೆ, ಹಿಂದೆ ಕಾಣುವ ತೆಂಗಿನ ಮರಕ್ಕೆ ಅಡ್ಡ ನಿಂತುಕೊಂಡು! ಹಾಗಾಗಿ ನಮ್ಮಲ್ಲಿ ಒಂದು ಮಾತಾಯಿತು. ಜಾಗ ಯಾರೂ ಕೇಳಬಾರದು. ಬದಲಿಗೆ ಉಬ್ಬರವೋ ಇಳಿತವೋ, ತಿಥಿ ಯಾವುದು, ನೀರು ತಿಳಿಯಾಗಿತ್ತೋ ಕದಡಿತ್ತೋ, ಗಾಳಕ್ಕೆ ಏನು ಕಟ್ಟಿದ್ದೆ, ಇಷ್ಟನ್ನು ಹೇಳಬೇಕು. ಮೀನು ಸಿಗದಿದ್ದರೂ ಹೇಳಬೇಕು.

ನನಗೆ ಜಾಸ್ತಿ ಉಪಯೋಗಕ್ಕೆ ಬಂದದ್ದು ಆ ಖಾಲಿ ದಿನಗಳ ಸುದ್ದಿಯೇ. ಮೀನು ಹಿಡಿದವರು ಮೀನಿನ ಕತೆ ಹೇಳುತ್ತಾರೆ, ಲೂರ್ (ಮೀನಿನಂತೆ ಕಾಣುವ ಕೃತಕ ಎರೆ) ಬಣ್ಣ ಹೇಳುತ್ತಾರೆ. ಬರಿಗೈಲಿ ಬಂದವರು ನೀರಿನ ಕತೆ ಹೇಳುತ್ತಾರೆ. ಇವನ್ನೆಲ್ಲ ಒಂದು ಪುಸ್ತಕದಲ್ಲಿ ಬರೆದಿಡುತ್ತಾ ಹೋದೆ. ನೀರು ನಿಂತ ಹೊತ್ತಿನಲ್ಲಿ ಹೋದವರಿಗೆಲ್ಲ ಏನೂ ಇಲ್ಲ. ಇಳಿತದ ಕೊನೆಯ ಭಾಗದಲ್ಲಿ, ಸಣ್ಣ ತೋಡು ಬಂದು ಹೊಳೆಗೆ ಸೇರುವ ಬಾಯಲ್ಲಿ ಗಾಳ ಹಾಕಿದವರಿಗೆ ಮೀನಿನ ಹೊಡೆತ. ಅಣ್ಣನಿಗೆ ಪುಸ್ತಕ ತೋರಿಸಿದರೆ ನಕ್ಕರು. "ನೀರು ಇಳಿವಾಗ ಮರಿ ಮೀನು, ಸಿಗಡಿ ಎಲ್ಲ ತೋಡಿಂದ ಹೊರಗೆ ಬರ್ಲೇಬೇಕಲ್ಲ ಮಾರಾಯ್ರೆ. ಕುರುಡಿ ಬಾಗಿಲಲ್ಲೇ ಕಾಯ್ತದೆ" ಅಂದರು. ಅಷ್ಟೇ ವಿಷಯ.

ಅಮಾವಾಸ್ಯೆ, ಹುಣ್ಣಿಮೆ ಹೊತ್ತಿಗೆ ಸೆಳೆತ ಜೋರು, ಅಷ್ಟಮಿ ಹೊತ್ತಿಗೆ ಮೆತ್ತಗೆ. ಇಳಿತ ದಿನಕ್ಕೆ ಸುಮಾರು 50 ನಿಮಿಷ ಮುಂದೆ ಹೋಗುತ್ತದೆ. ಹಾಗಾಗಿ ಹೋದ ಭಾನುವಾರ ಬೆಳಿಗ್ಗೆ ಆರಕ್ಕೆ ಸಿಕ್ಕಿತು ಅಂತ ಈ ಭಾನುವಾರವೂ ಆರಕ್ಕೇ ಹೋಗಿ ನಿಂತರೆ ಸುಮ್ನೆ ಸೊಳ್ಳೆ ಕಚ್ಚಿಸಿಕೊಂಡು ಬರಬೇಕು.

ಇನ್ನು ಕೆಲವು ಕೈಯಲ್ಲಿ ಹಿಡಿದು ತೋರಿಸಿದರೆ ಮಾತ್ರ ಬರುತ್ತವೆ. ಜೀವಂತ ಸಿಗಡಿಯನ್ನು ಗಾಳಕ್ಕೆ ಚುಚ್ಚುವುದನ್ನೇ ನೋಡಿ. ಅದರ ತಲೆಯ ಮೇಲೆ ಗರಗಸದಂಥ ಕೊಂಬು ಇರುತ್ತದಲ್ಲ, ಅದರ ಹಿಂದೆ ತಲೆಯೊಳಗೆ ಒಂದು ಕಪ್ಪು ಗುರುತು ಕಾಣುತ್ತದೆ. ಅದಕ್ಕೆ ತಾಗಿದರೆ ಸಿಗಡಿ ಅಲ್ಲೇ ಸತ್ತಿತು. ವೈರಿಂಗ್ ಕೆಲಸದ ಗೆಳೆಯ ಸಿಗಡಿಯನ್ನು ಬೆಳಕಿಗೆ ಹಿಡಿದು, ಆ ಗುರುತು ಬಿಟ್ಟು ಕೊಂಬಿನ ಬುಡದಲ್ಲಿ ಮುಂದಕ್ಕೆ ತೆಳ್ಳಗೆ ಚುಚ್ಚಿ ತೋರಿಸಿದರು. ನೀರಿಗೆ ಬಿಟ್ಟರೆ ಒದ್ದಾಡುತ್ತಾ ಈಜುತ್ತಲೇ ಇತ್ತು. ದಾರದ ತುದಿಗೆ, ಗಾಳದ ಹತ್ತಿರ, ದಪ್ಪ ಲೀಡರ್ (ಗಟ್ಟಿ ದಾರದ ತುಂಡು) ಕಟ್ಟಲೇಬೇಕು ಅಂತ ಹೇಳಿದ್ದೂ ಅವರೇ. ಕುರುಡಿಯ ಕಿವಿರಿನ ಮುಚ್ಚಳದ ಅಂಚು ಬ್ಲೇಡಿನ ಹಾಗೆ, ದಾರವನ್ನೂ ಕುಯ್ಯುತ್ತದೆ, ಬೆರಳನ್ನೂ ಕುಯ್ಯುತ್ತದೆ.

ಎಲ್ಲದರಲ್ಲೂ ಒಮ್ಮತ ಇದೆ ಅಂದುಕೊಳ್ಳಬೇಡಿ. ಕುರುಡಿ ಮೊದಲು ಗಂಡಾಗಿದ್ದು, ಕೆಲವು ವರ್ಷ ಬೆಳೆದ ಮೇಲೆ ಹೆಣ್ಣಾಗುವ ಮೀನು. ಅಂದ್ರೆ ತುಂಬಾ ದೊಡ್ಡದು ಸಿಕ್ಕಿದರೆ ಅದು ಮೊಟ್ಟೆ ಇಡುವ ಹೆಣ್ಣೇ ಇರುವುದು ಹೆಚ್ಚು, ಮಳೆಗಾಲದಲ್ಲಿ ಅಳಿವೆಗೆ ಬರುವುದೂ ಅದಕ್ಕೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳಿಗೆ ನಿಷೇಧ ಇರುತ್ತದೆ, ದಡದಲ್ಲಿ ನಿಂತ ನಮಗೆ ಇಲ್ಲ. ದೊಡ್ಡ ಮೀನನ್ನು ನಾವೇ ವಾಪಸ್ ನೀರಿಗೆ ಬಿಡಬೇಕು ಅಂತ ನಾನು. "ಒಂದು ದೊಡ್ಡದು ಮಾರಿದ್ರೆ ತಿಂಗಳ ಪೆಟ್ರೋಲ್ ಖರ್ಚು ಹೋಗ್ತದೆ" ಅಂತ ಕಾಲೇಜು ಹುಡುಗ. ಅಣ್ಣ ಯಾರ ಕಡೆಗೂ ಮಾತಾಡುವುದಿಲ್ಲ. ಸದ್ಯಕ್ಕೆ ನಾನು ಹಿಡಿದದ್ದನ್ನು ನಾನು ಬಿಡುತ್ತೇನೆ, ಅವನು ಹಿಡಿದದ್ದು ಮಾರುಕಟ್ಟೆಗೆ ಹೋಗುತ್ತದೆ, ಜಗಳ ಮುಂದಿನ ವಾರಕ್ಕೆ ಇದ್ದೇ ಇದೆ.